ಕೈ ಬದಲಾದ ಹಡಗು

ಮಹಾಯುದ್ಧಗಳ ಚರಿತ್ರೆಯನ್ನು ಓದುವವರು ಸಂಧಿಪತ್ರಕ್ಕೆ ಸಹಿ ಬಿದ್ದೊಡನೆ ಪುಸ್ತಕವನ್ನು ಮುಚ್ಚಿಡುವುದು ವಾಡಿಕೆ. ಆದರೆ ಯುದ್ಧಕ್ಕಾಗಿ ಕೂಡಿಸಿದ ಸಾಮಗ್ರಿಯು ಅಷ್ಟು ಸುಲಭವಾಗಿ ಕಣ್ಮರೆಯಾಗುವುದಿಲ್ಲ. ಸೈನಿಕನು ಸಮವಸ್ತ್ರವನ್ನು ಕಳಚಿಟ್ಟು ತನ್ನ ಊರಿಗೆ ಹಿಂದಿರುಗಬಹುದು. ಹಡಗುಗಳೂ ಕಾರ್ಖಾನೆಗಳೂ ಉಗ್ರಾಣಗಳೂ ಎಲ್ಲಿಗೆ ಹಿಂದಿರುಗಬೇಕು? ಅವುಗಳನ್ನು ಮಾರಬೇಕು, ಹಂಚಬೇಕು, ಇಲ್ಲವೆ ಶಾಂತಿಕಾಲದ ಯಾವುದಾದರೊಂದು ಕೆಲಸಕ್ಕೆ ಹಚ್ಚಬೇಕು. ಹೀಗೆ ಮಾಡುವುದು ವಿವೇಕವೇ ಸರಿ. ಕತ್ತಿಯನ್ನು ಕುಡುಗೋಲಾಗಿ ಬಡಿದುಕೊಂಡರೆ ಬೇಡವೆನ್ನುವವರು ಯಾರು? ಆದರೆ ಹಾಗೆ ಬಡಿದುಕೊಳ್ಳುವಾಗ ನೆನಪಿಡಬೇಕಾದುದೊಂದುಂಟು. ಅದನ್ನು ಈ ಹೊತ್ತು ಒಂದು ಸರಕುಹಡಗಿನ ಕಥೆಯ ಮೂಲಕ ಶ್ರೋತೃಗಳ ಮುಂದಿಡಬೇಕೆಂದು ನಮ್ಮ ಅಪೇಕ್ಷೆ.

ಈ ಹಡಗು ಯುದ್ಧನೌಕೆಯಲ್ಲ; ಯಾವ ಕದನದಲ್ಲಿಯೂ ಹೆಸರು ಗಳಿಸಿದುದಲ್ಲ. ಬದುಕಿದ್ದುದು ಐದು ವರ್ಷಕ್ಕೂ ಕಡಮೆ. ಆ ಅಲ್ಪಾಯುಸ್ಸಿನಲ್ಲಿ ಅದಕ್ಕೆ ಎರಡು ಹೆಸರು, ಎರಡು ಧ್ವಜ, ಇಬ್ಬರು ಒಡೆಯರು. ಅದು ಹುಟ್ಟಿದ್ದು 1942ರಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದಲ್ಲಿರುವ ಲಾಸ್ ಏಂಜಲೀಸಿನ ಹಡಗುಕಟ್ಟೆಯಲ್ಲಿ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನರ ಜಲಾಂತರ್ಗಾಮಿಗಳು ಸರಕುಹಡಗುಗಳನ್ನು ಮುಳುಗಿಸುತ್ತಿದ್ದ ವೇಗಕ್ಕಿಂತ ಹೆಚ್ಚಿನ ವೇಗದಿಂದ ಹೊಸ ಹಡಗುಗಳನ್ನು ಕಟ್ಟಬೇಕಾಗಿದ್ದ ಕಾಲವದು. ಬ್ರಿಟಿಷ್ ಮಾದರಿಯೊಂದನ್ನು ಆಧಾರವಾಗಿಟ್ಟುಕೊಂಡು ಅಮೆರಿಕನರು ‘ಲಿಬರ್ಟಿ’ ಎಂಬ ಒಂದೇ ನಕ್ಷೆಯ ಹಡಗುಗಳನ್ನು ಹದಿನೆಂಟು ಕಡೆಗಳಲ್ಲಿ ಕಟ್ಟತೊಡಗಿದರು. ಒಂದೊಂದರ ಉದ್ದ 441 ಅಡಿ, ಅಗಲ 57 ಅಡಿ. ಎಣ್ಣೆ ಉರಿಸಿ ಉಗಿ ಮಾಡುವ ಎರಡು ಬಾಯ್ಲರುಗಳು. 2,500 ಅಶ್ವಶಕ್ತಿಯ ಹಳೆಯ ಮಾದರಿಯ ಉಗಿಯಂತ್ರ. ಹನ್ನೊಂದು ನಾಟ್ ವೇಗ. ಸುಮಾರು 10,000 ಟನ್ನು ಹೊರುವ ಶಕ್ತಿ. ತಗಡುಗಳನ್ನು ಮೊಳೆ ಬಡಿದು ಸೇರಿಸುವುದಕ್ಕೆ ಬದಲಾಗಿ ಬೆಸುಗೆ ಹಾಕಿ ಸೇರಿಸಿದರು. ಹಡಗಿನ ಭಾಗಗಳನ್ನು ಬೇರೆ ಬೇರೆ ಕಡೆ ಸಿದ್ಧಮಾಡಿ ತಂದು, ಕಟ್ಟೆಯಲ್ಲಿ ಜೋಡಿಸಿದರು. 1941ರಿಂದ 1945ರವರೆಗೆ ಇಂಥ 2,710 ಹಡಗುಗಳು ನೀರಿಗಿಳಿದವು. ಅಂದಚೆಂದವನ್ನು ಕೇಳುವವರಿರಲಿಲ್ಲ, ಒಂದೆರಡು ಯಾತ್ರೆ ಮಾಡಿದರೆ ಹಾಕಿದ ಹಣ ಬಂದಂತೆಯೇ ಎಂಬುದು ಆಗಿನ ಲೆಕ್ಕಾಚಾರ.

ಇಷ್ಟು ಹಡಗುಗಳಿಗೆ ಹೆಸರುಗಳನ್ನು ಹುಡುಕುವುದೇ ಒಂದು ಕೆಲಸವಾಗಿದ್ದಿರಬೇಕು. ದೇಶದ ಗತಿಸಿದ ಗಣ್ಯರ ಹೆಸರುಗಳನ್ನೆಲ್ಲಾ ಇಟ್ಟರು. ನಮ್ಮ ಹಡಗಿಗೆ ದೊರೆತ ಹೆಸರು ಬೆಂಜಮಿನ್ ಆರ್. ಕರ್ಟಿಸ್. ಈತನು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾಗಿದ್ದವನು. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮನ ಮೊಕದ್ದಮೆಯಲ್ಲಿ, ನೀಗ್ರೋ ಜನರು ಆ ದೇಶದ ಪ್ರಜೆಗಳಾಗಲಾರರೆಂದು ಬಹುಮತದ ತೀರ್ಪು ಹೊರಬಿದ್ದಾಗ, ಭಿನ್ನಾಭಿಪ್ರಾಯವನ್ನು ಬರೆದಿಟ್ಟು, ಅದೇ ವರ್ಷ ಪದವಿಯನ್ನು ಬಿಟ್ಟು ಹೋದವನು. ಆತನ ಹೆಸರನ್ನು ಹೊತ್ತ ಹಡಗು ಪೆಸಿಫಿಕ್ ಸಾಗರದಲ್ಲಿ ಯುದ್ಧದ ಸಾಮಗ್ರಿಯನ್ನು ಸಾಗಿಸಿ, ಶತ್ರುವಿನ ಪೆಟ್ಟಿಗೆ ಸಿಕ್ಕದೆ ಉಳಿದುಕೊಂಡಿತು.

ಯುದ್ಧ ಮುಗಿಯಿತು. ಅಮೆರಿಕೆಯ ಕೈಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಹಡಗುಗಳು. ಯೂರೋಪಿನ ಮಿತ್ರರಾಜ್ಯಗಳ ರೇವುಗಳಲ್ಲಿ ಹಡಗುಗಳೇ ಇಲ್ಲ. 1946ರಲ್ಲಿ ಅಮೆರಿಕೆಯ ಶಾಸನಸಭೆಯು ಸರಕುಹಡಗುಗಳ ಮಾರಾಟಕ್ಕೆ ಅವಕಾಶ ಕೊಡುವ ಕಾಯಿದೆಯನ್ನು ಮಾಡಿತು. ಗ್ರೀಕ್ ವ್ಯಾಪಾರಿಗಳು ನೂರು ಲಿಬರ್ಟಿ ಹಡಗುಗಳನ್ನು ಕೊಂಡರು. ಇಟಲಿ, ನಾರ್ವೆ ಮೊದಲಾದ ದೇಶಗಳಿಗೂ ಹಡಗುಗಳು ಹೋದವು. ಫ್ರಾನ್ಸಿಗೆ ಹೋದವುಗಳಲ್ಲಿ ಕರ್ಟಿಸನ ಹೆಸರಿನ ಹಡಗೂ ಒಂದು. ಅದರ ಸ್ವಾಮ್ಯ ಫ್ರೆಂಚ್ ಗಣರಾಜ್ಯದ್ದು. ನಡೆಸುವ ಹೊಣೆ ‘ಫ್ರೆಂಚ್ ಲೈನ್’ ಎಂದು ಪ್ರಸಿದ್ಧವಾಗಿದ್ದ ಹಡಗು ಕಂಪೆನಿಯದು. ಹಳೆಯ ಹೆಸರನ್ನು ಅಳಿಸಿ ‘ಗ್ರಾಂಡ್‌ಕ್ಯಾಂಪ್’ ಎಂದು ಬರೆದರು. ಇದು ನಾರ್ಮಂಡಿಯ ಕರಾವಳಿಯ ಒಂದು ಊರಿನ ಹೆಸರು. 1944ರ ಜೂನ್ ತಿಂಗಳಲ್ಲಿ ಮಿತ್ರಸೈನ್ಯಗಳು ಬಂದಿಳಿದ ಮರಳತೀರಗಳ ಸಮೀಪದ್ದು. ವಿಮೋಚನೆಯ ನೆನಪನ್ನು ತರುವ ಹೆಸರು.

ಇಲ್ಲಿಗೆ ಹಡಗನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಅದು ಹೊರಬೇಕಾಗಿದ್ದ ಸರಕಿನ ಕಡೆಗೆ ತಿರುಗೋಣ. ಏಕೆಂದರೆ ಕೈ ಬದಲಾದದ್ದು ಹಡಗು ಮಾತ್ರವಲ್ಲ. ಸರಕೂ ಬದಲಾಯಿತು, ಸರಕನ್ನು ತಯಾರಿಸಿದ ಕಾರ್ಖಾನೆಯೂ ಬದಲಾಯಿತು.

ಅಮೋನಿಯಂ ನೈಟ್ರೇಟ್ ಎಂಬ ಲವಣವು ನೋಡುವುದಕ್ಕೆ ಬಿಳಿಯ ಉಪ್ಪಿನಂತೆ. ಅಮೋನಿಯಾ ಮತ್ತು ನೈಟ್ರಿಕ್ ಆಮ್ಲಗಳ ಸಂಯೋಗದಿಂದ ಹುಟ್ಟುವುದು. ಅದರಲ್ಲಿ ಮೂರರಲ್ಲೊಂದು ಪಾಲಿಗೂ ಸ್ವಲ್ಪ ಹೆಚ್ಚು ಸಾರಜನಕ. ಪೈರಿಗೆ ಸಾರಜನಕವು ಅನ್ನವಿದ್ದಂತೆ. ಆದ್ದರಿಂದ ಇದು ಉತ್ತಮವಾದ ಗೊಬ್ಬರ. ಇದರ ಜೊತೆಗೆ ತೂಕದಲ್ಲಿ ನೂರಕ್ಕೆ ಅರವತ್ತು ಪಾಲು ಆಮ್ಲಜನಕವೂ ಉಂಟು. ಈ ಕಾರಣದಿಂದ ಇದನ್ನು ಟಿ.ಎನ್.ಟಿ. ಎಂಬ ಸಿಡಿಮದ್ದಿನೊಡನೆ ಬೆರಸಿ ‘ಅಮಟಾಲ್’ ಎಂಬ ಹೆಸರಿನಿಂದ ಎರಡು ಮಹಾಯುದ್ಧಗಳಲ್ಲಿಯೂ ಬಾಂಬುಗಳಿಗೂ ಫಿರಂಗಿಗುಂಡುಗಳಿಗೂ ತುಂಬಿದರು. ಹೊಲಕ್ಕೆ ಚೆಲ್ಲಿದರೆ ಅನ್ನ, ಗುಂಡಿನೊಳಕ್ಕೆ ತುಂಬಿದರೆ ಮೃತ್ಯು, ವಸ್ತು ಒಂದೇ.

1945ರಲ್ಲಿ ಗುಂಡುಗಳ ಅಗತ್ಯ ತೀರಿತು. ಅನ್ನದ ಅಗತ್ಯ ಹೆಚ್ಚಿತು. ಯೂರೋಪಿನ ನೆಲ ಬಡವಾಗಿತ್ತು, ಜನ ಹಸಿದಿದ್ದರು. ಆಗ ಅಮೆರಿಕೆಯ ಸೈನ್ಯದ ಮದ್ದುಗುಂಡಿನ ಕಾರ್ಖಾನೆಗಳನ್ನು ಮತ್ತೆ ತೆರೆದು ಅದೇ ಲವಣವನ್ನು ಗೊಬ್ಬರಕ್ಕಾಗಿ ತಯಾರಿಸತೊಡಗಿದರು. ಗಾಳಿಯ ತೇವಕ್ಕೆ ಅದು ಗಟ್ಟಿ ಕಟ್ಟಿಕೊಳ್ಳುವ ಸ್ವಭಾವದ್ದು; ಅದನ್ನು ತಡೆಯಲು ಕಾಳುಗಳಿಗೆ ಮೇಣ, ರಾಳ ಮುಂತಾದವುಗಳ ತೆಳುವಾದ ಲೇಪವನ್ನು ಕೊಟ್ಟರು. ಮೇಣವೂ ರಾಳವೂ ಉರಿಯುವ ವಸ್ತುಗಳೆಂಬುದನ್ನು ಶ್ರೋತೃಗಳು ಗಮನಿಸಬೇಕು. ಹೀಗೆ ಸಿದ್ಧವಾದುದನ್ನು ಕಾಗದದ ಚೀಲಗಳಲ್ಲಿ ತುಂಬಿದರು. ಚೀಲದ ಮೇಲೆ ಗೊಬ್ಬರವೆಂದು ಬರೆದಿತ್ತು, ಲವಣದ ಹೆಸರನ್ನೂ ಬರೆದಿತ್ತು. ಸಿಡಿಯಬಹುದೆಂಬ ಎಚ್ಚರಿಕೆಯನ್ನು ಮಾತ್ರ ಬರೆದಿರಲಿಲ್ಲ. ಸೈನ್ಯದ ಕೈಯಿಂದ ಖಾಸಗಿ ಕಂಪೆನಿಗಳ ಕೈಗೆ, ಅಲ್ಲಿಂದ ಫ್ರೆಂಚ್ ಸರ್ಕಾರದ ಖರೀದಿ ಮಂಡಲಿಯ ಕೈಗೆ, ಅಲ್ಲಿಂದ ರೈಲ್ವೆಯವರ ಮತ್ತು ರೇವಿನವರ ಕೈಗೆ ಚೀಲಗಳು ದಾಟಿದವು. ಪ್ರತಿಯೊಂದು ಕೈಯಲ್ಲಿಯೂ ರಸೀತಿ ಇತ್ತು. ಆದರೆ ಮೊದಲನೆಯ ಕೈಗೆ ಗೊತ್ತಿದ್ದ ಸಂಗತಿಯು ಕೊನೆಯ ಕೈಗೆ ತಲುಪಲಿಲ್ಲ.

1947ರ ಏಪ್ರಿಲ್ ತಿಂಗಳಲ್ಲಿ ಹಡಗೂ ಸರಕೂ ಟೆಕ್ಸಾಸ್ ಸಿಟಿ ಎಂಬ ರೇವಿನಲ್ಲಿ ಸಂಧಿಸಿದವು. ಇದು ಮೆಕ್ಸಿಕೋ ಕೊಲ್ಲಿಗೆ ಸೇರಿದ ಗ್ಯಾಲ್ವೆಸ್ಟನ್ ಖಾರಿಯ ದಡದಲ್ಲಿರುವ ಊರು. ಆಗ ಇಪ್ಪತ್ತು ಸಾವಿರಕ್ಕೂ ಕಡಮೆ ಜನಸಂಖ್ಯೆಯದು. ಹಡಗುಕಟ್ಟೆಗೆ ಅಂಟಿಕೊಂಡೇ ರಾಸಾಯನಿಕ ಕಾರ್ಖಾನೆ, ಅದರಾಚೆ ಎಣ್ಣೆ ಶುದ್ಧಿಮಾಡುವ ಕಾರ್ಖಾನೆಗಳು, ಅಲ್ಲಿಯೇ ಕೆಲಸಗಾರರ ಮನೆಗಳು. ಗ್ರಾಂಡ್‌ಕ್ಯಾಂಪಿನ ಒಡಲಿನಲ್ಲಿ ಆಗಲೇ ಹುರಿ, ಕಡಲೆಕಾಯಿ, ಹತ್ತಿ, ಹೊಗೆಸೊಪ್ಪು, ಯಂತ್ರಸಾಮಗ್ರಿ ಇವೆಲ್ಲ ಇದ್ದವು. ಕೆಲವು ಪೆಟ್ಟಿಗೆ ತೋಟಾಗಳೂ ಇದ್ದವು. ಅವುಗಳ ಜೊತೆಗೆ ಸುಮಾರು 2,300 ಟನ್ನು ಅಮೋನಿಯಂ ನೈಟ್ರೇಟನ್ನು ಹೇರಿದರು. ಚೀಲಗಳು ಮುಟ್ಟಿದರೆ ಬೆಚ್ಚಗಿದ್ದವೆಂದು ಹೊತ್ತ ಹಮಾಲರು ಆಮೇಲೆ ಹೇಳಿದರು. ಅಪಾಯಕಾರಿಯೆಂದು ಎಲ್ಲರೂ ತಿಳಿದಿದ್ದುದು ಆ ಕೆಲವು ಪೆಟ್ಟಿಗೆ ತೋಟಾಗಳನ್ನು ಮಾತ್ರ.

ಏಪ್ರಿಲ್ 16ನೆಯ ತಾರೀಖು ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ನಾಲ್ಕನೆಯ ಕೋಣೆಯಲ್ಲಿ ಚೀಲಗಳ ಸಂದಿನಿಂದ ಹೊಗೆ ಕಾಣಿಸಿಕೊಂಡಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಾಗಿರಬಹುದೆಂದು ಊಹಿಸಿದವರುಂಟು. ಕೆಲಸಗಾರರು ಕೊಡದ ನೀರನ್ನು ಸುರಿದರು. ಬೆಂಕಿ ಆರಿಸುವ ಚಿಕ್ಕ ಯಂತ್ರಗಳನ್ನು ಪ್ರಯೋಗಿಸಿದರು. ಹೊಗೆ ನಿಲ್ಲಲಿಲ್ಲ. ನೀರು ಹಾಯಿಸಿದರೆ ಸರಕು ಕೆಡುವುದೆಂದು ಕಪ್ತಾನನು ಅದಕ್ಕೆ ಒಪ್ಪದೆ, ಕೋಣೆಯ ಮುಚ್ಚಳಗಳನ್ನು ಭದ್ರವಾಗಿ ಮುಚ್ಚಿಸಿ, ಮೇಲೆ ಟಾರ್ಪಾಲು ಹಾಸಿಸಿ, ಒಳಕ್ಕೆ ಉಗಿಯನ್ನು ಬಿಡುವಂತೆ ಆಜ್ಞೆಮಾಡಿದನು. ತೋಟಾಗಳ ಪೆಟ್ಟಿಗೆಗಳನ್ನು ಹೊರಕ್ಕೆ ಸಾಗಿಸುವ ಏರ್ಪಾಡೂ ಆಯಿತು.

ಇದನ್ನು ಕೇಳಿ ಕಪ್ತಾನನನ್ನು ಅವಿವೇಕಿಯೆನ್ನುವುದು ನ್ಯಾಯವಲ್ಲ. ಉಗಿಹಡಗುಗಳಲ್ಲಿ ಬೆಂಕಿಯನ್ನು ಉಸಿರುಕಟ್ಟಿಸಿ ಆರಿಸುವುದು ಅನುಭವಸಿದ್ಧವಾದ ಕ್ರಮ. ಹತ್ತಿ ಹೊತ್ತಿಕೊಂಡಿದ್ದರೆ, ಮರ ಹೊತ್ತಿಕೊಂಡಿದ್ದರೆ ಆತನು ಮಾಡಿದ್ದೇ ಸರಿ. ಆದರೆ ಒಳಗಿದ್ದ ವಸ್ತುವಿಗೆ ಹೊರಗಿನ ಗಾಳಿ ಬೇಕಾಗಿರಲಿಲ್ಲ. ಉರಿಯುವುದಕ್ಕೆ ಬೇಕಾದ ಆಮ್ಲಜನಕವನ್ನು ಅದು ತನ್ನೊಳಗೇ ಇಟ್ಟುಕೊಂಡಿತ್ತು. ಮುಚ್ಚಳ ಹಾಕಿದ್ದರಿಂದ ಒಳಗಿನ ಒತ್ತಡ ಏರಿತು. ಉಗಿ ಬಿಟ್ಟಿದ್ದರಿಂದ ಕಾವು ಏರಿತು. ಧಾರಾಳವಾಗಿ ನೀರು ಸುರಿದು, ಮುಚ್ಚಳ ತೆರೆದು, ಅನಿಲಗಳನ್ನು ಹೊರಕ್ಕೆ ಬಿಡಬೇಕಾಗಿದ್ದ ಕಡೆ, ಎಲ್ಲವೂ ತಲೆಕೆಳಗಾಗಿ ನಡೆಯಿತು. ಆತನ ವಿದ್ಯೆ ಸುಳ್ಳಾಗಿರಲಿಲ್ಲ. ಅದು ಬೇರೆ ಸರಕಿಗೆ ಸಂಬಂಧಿಸಿದ ವಿದ್ಯೆ. ತನ್ನ ಹಡಗಿನಲ್ಲಿ ಏನಿದೆಯೆಂಬುದನ್ನು ಆತನಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ.

ಎಂಟೂವರೆಯ ಸುಮಾರಿಗೆ ಮುಚ್ಚಳಗಳು ಹಾರಿದವು. ಕಿತ್ತಳೆ ಬಣ್ಣದ ವಿಚಿತ್ರವಾದ ಹೊಗೆ ಎದ್ದಿತು. ಆ ಬಣ್ಣ ಚೆಲುವಾಗಿತ್ತಂತೆ. ಅದನ್ನು ನೋಡಲು ಊರಿನ ಜನ, ಮಕ್ಕಳು ಸಹ, ಕಟ್ಟೆಯ ಬಳಿಗೆ ಬಂದು ನಿಂತರು. ಊರಿನ ಸ್ವಯಂಸೇವಕ ಅಗ್ನಿಶಾಮಕರು ಹಡಗಿನ ಪಕ್ಕದಲ್ಲಿ ನಿಂತು ಕಾದ ಕಬ್ಬಿಣದ ಮೇಲೆ ನೀರು ಹಾಯಿಸತೊಡಗಿದರು. ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಹಡಗು ಸಿಡಿಯಿತು.

ಸಾವಿರಾರು ಟನ್ನು ಉಕ್ಕು ಚೂರುಚೂರಾಗಿ ಆಕಾಶಕ್ಕೆ ಹಾರಿತು. ಟನ್ನುಗಟ್ಟಲೆ ತೂಕದ ಲಂಗರು ಒಂದೂವರೆ ಮೈಲಿಗೂ ಆಚೆ ಹೋಗಿ ನೆಲದಲ್ಲಿ ಹೂತುಕೊಂಡಿತು. ಮೇಲೆ ಹಾರುತ್ತಿದ್ದ ಎರಡು ಚಿಕ್ಕ ವಿಮಾನಗಳು ಕೆಳಕ್ಕೆ ಬಿದ್ದವು. ನೀರು ಹದಿನೈದು ಅಡಿಯ ಅಲೆಯಾಗಿ ದಡವನ್ನು ಹತ್ತಿತು. ಪಕ್ಕದ ರಾಸಾಯನಿಕ ಕಾರ್ಖಾನೆ ನೆಲಸಮವಾಯಿತು. ಎಣ್ಣೆಯ ತೊಟ್ಟಿಗಳು ಹೊತ್ತಿಕೊಂಡವು. ನಲವತ್ತು ಮೈಲಿ ದೂರದ ಹ್ಯೂಸ್ಟನ್ ನಗರದಲ್ಲಿ ಕಿಟಕಿಗಳ ಗಾಜು ಒಡೆಯಿತು. ಊರಿನ ಅಗ್ನಿಶಾಮಕ ದಳದ ಇಪ್ಪತ್ತೇಳು ಮಂದಿ ಹೋದರು. ಆಗ ದೇಶದಲ್ಲೆಲ್ಲಾ ಟೆಲಿಫೋನ್ ಕೆಲಸಗಾರರ ಮುಷ್ಕರ ನಡೆಯುತ್ತಿತ್ತು. ಅನಾಹುತದ ಸುದ್ದಿ ತಿಳಿದೊಡನೆ ಆ ಊರಿನ ಟೆಲಿಫೋನ್ ಹೆಂಗಸರು ಮುಷ್ಕರವನ್ನು ಮರೆತು ಕೆಲಸಕ್ಕೆ ಕುಳಿತರು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಸಮೀಪದಲ್ಲಿಯೇ ‘ಹೈ ಫ್ಲೈಯರ್’ ಎಂಬ ಮತ್ತೊಂದು ಹಡಗಿತ್ತು. ಅದರಲ್ಲಿ 961 ಟನ್ನು ಇದೇ ಲವಣ, ಜೊತೆಗೆ 1,800 ಟನ್ನು ಗಂಧಕ. ಅದೂ ಹೊತ್ತಿಕೊಂಡಿತು. ರಾತ್ರಿ ಎಳೆಹಡಗುಗಳು ಬಂದು ಅದನ್ನು ಹೊರಕ್ಕೆಳೆಯಲು ಪ್ರಯತ್ನಿಸಿ ಸೋತವು. ಮಧ್ಯರಾತ್ರಿ ಕಳೆದು ಒಂದು ಗಂಟೆಯ ಮೇಲೆ ಅದೂ ಸಿಡಿದು, ಪಕ್ಕದಲ್ಲಿದ್ದ ‘ವಿಲ್ಸನ್ ಬಿ. ಕೀನ್’ ಎಂಬ ಮೂರನೆಯ ಹಡಗನ್ನೂ ನಾಶಮಾಡಿತು. ಈ ಎರಡನೆಯ ಸಿಡಿತದಲ್ಲಿ ಸತ್ತವರು ಬಹಳ ಕಡಮೆ. ಏಕೆ? ಹಡಗಿನಲ್ಲಿ ಏನಿದೆಯೆಂಬುದು ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಜನರನ್ನು ದೂರಕ್ಕೆ ಕಳುಹಿಸಿದ್ದರು. ವಸ್ತು ಅದೇ, ಊರು ಅದೇ. ನಡುವೆ ಬಂದದ್ದು ತಿಳಿವಳಿಕೆಯೊಂದೇ.

ಒಟ್ಟು ಸತ್ತವರು 581 ಮಂದಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ. ಇವರಲ್ಲಿ 63 ಮಂದಿಯ ಗುರುತು ಹತ್ತಲಿಲ್ಲ. 113 ಮಂದಿಯ ದೇಹಗಳೇ ಸಿಕ್ಕಲಿಲ್ಲ. ಗುರುತು ಸಿಕ್ಕದವರನ್ನು ಒಂದೇ ಕಡೆ ಸಮಾಧಿಮಾಡಿದರು. ಐದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು.

ಈ ಲವಣದ ಗುಣ ಜಗತ್ತಿಗೆ ತಿಳಿಯದೆ ಇದ್ದಿತೇ? ಇಲ್ಲ. ಬಾಂಬಿಗೆ ತುಂಬಿದವರಿಗೆ ತಿಳಿಯದೆ ಇರುವುದುಂಟೇ! ಯುದ್ಧವಿಲ್ಲದ ಕಾಲದ ದೃಷ್ಟಾಂತವೂ ಇತ್ತು. 1921ರ ಸೆಪ್ಟೆಂಬರ್ 21ರಂದು ಜರ್ಮನಿಯ ಓಪ್ಪೌ ಎಂಬ ಊರಿನ ಗೊಬ್ಬರದ ಕಾರ್ಖಾನೆಯಲ್ಲಿ ಈ ಲವಣ ಬೆರೆತ ರಾಶಿಯೊಂದು ಸಿಡಿದು ಐನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಆದರೆ ಜರ್ಮನಿಯ ರಸಾಯನಜ್ಞನಿಗೆ ತಿಳಿದದ್ದು ಟೆಕ್ಸಾಸಿನ ಹಮಾಲನಿಗೆ ತಿಳಿಯಬೇಕಾದರೆ ನಡುವೆ ಯಾರಾದರೂ ಹೇಳಬೇಕಷ್ಟೆ. ಹೇಳುವ ಹೊಣೆ ಯಾರದೆಂಬುದೇ ನಿಶ್ಚಯವಾಗಿರಲಿಲ್ಲ.

ಟೆಕ್ಸಾಸಿನ ಪಾಠವಾದರೂ ಬೇಗ ಹರಡಿತೇ ಎಂದರೆ, ಅದೂ ಇಲ್ಲ. ಮೂರು ತಿಂಗಳು ಕಳೆದ ಮೇಲೆ, ಅದೇ 1947ರ ಜುಲೈ 28ರಂದು, ಫ್ರಾನ್ಸಿನ ಬ್ರೆಸ್ಟ್ ರೇವಿನಲ್ಲಿ ‘ಓಷನ್ ಲಿಬರ್ಟಿ’ ಎಂಬ ನಾರ್ವೆ ದೇಶದ ಹಡಗಿಗೆ ಬೆಂಕಿ ಬಿತ್ತು. ಇದೂ ಲಿಬರ್ಟಿ ಮಾದರಿಯದೇ. ಒಳಗಿದ್ದುದು ಸುಮಾರು 3,300 ಟನ್ನು ಅದೇ ಲವಣ. ಅಲ್ಲಿಯೂ ಮುಚ್ಚಳಗಳನ್ನು ಮುಚ್ಚಿದರು, ಅಲ್ಲಿಯೂ ಉಗಿಯನ್ನು ಬಿಟ್ಟರು. ಹಡಗನ್ನು ರೇವಿನಿಂದ ಹೊರಕ್ಕೆ ಎಳೆದೊಯ್ದಿದ್ದರಿಂದ ಪ್ರಾಣಹಾನಿ ಇಪ್ಪತ್ತು ಮೂವತ್ತರ ಒಳಗೆ ನಿಂತಿತು. ಸರಕು ಸಾಗರವನ್ನು ದಾಟಿಬಂದಿತ್ತು. ಸರಕಿನ ಸುದ್ದಿ ದಾಟಿಬಂದಿರಲಿಲ್ಲ.

ಇಂಥದೊಂದು ನಮ್ಮ ದೇಶದ ನೆನಪಿನಲ್ಲಿಯೂ ಉಂಟು. 1944ರ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಹಡಗುಕಟ್ಟೆಯಲ್ಲಿ ಸಿಡಿದ ‘ಫೋರ್ಟ್ ಸ್ಟೀಕಿನ್’ ಹಡಗು, ಲಿಬರ್ಟಿ ಹಡಗುಗಳಿಗೆ ಮೂಲವಾದ ಬ್ರಿಟಿಷ್ ಮಾದರಿಯಿಂದಲೇ ಬಂದ ದಾಯಾದಿ. ಅದರಲ್ಲಿ ಸುಮಾರು 1,400 ಟನ್ನು ಸಿಡಿಮದ್ದು, ಜೊತೆಗೆ ಹತ್ತಿಯ ಹಿಂಡಿಗೆಗಳು. ಅಲ್ಲಿ ಸರಕು ಏನೆಂಬುದು ಗೊತ್ತಿತ್ತು. ಹಡಗನ್ನು ಮುಳುಗಿಸುವುದೋ ಹೊರಗೆ ಸಾಗಿಸುವುದೋ ನಿಶ್ಚಯಿಸುವವರು ಯಾರೆಂಬುದು ಗೊತ್ತಾಗಲಿಲ್ಲ. ನೂರಾರು ಜನರ ಜೊತೆಗೆ 66 ಅಗ್ನಿಶಾಮಕರೂ ಅಲ್ಲಿ ಪ್ರಾಣ ತೆತ್ತರು. ಇಂದಿಗೂ ಏಪ್ರಿಲ್ 14ನ್ನು ಭಾರತದಲ್ಲಿ ಅಗ್ನಿಶಾಮಕ ಸೇವಾದಿನವೆಂದು ಆಚರಿಸುವುದು ಅವರ ಸ್ಮರಣೆಗಾಗಿಯೇ.

ಟೆಕ್ಸಾಸಿನ ಸಂಗತಿ ಕಟ್ಟಕಡೆಗೆ ನ್ಯಾಯಾಲಯಕ್ಕೆ ಬಂತು. ಎಂಟು ಸಾವಿರಕ್ಕೂ ಮೇಲ್ಪಟ್ಟ ಹಕ್ಕುದಾರರು ಅಮೆರಿಕೆಯ ಸರ್ಕಾರದ ಮೇಲೆ ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ ಸರ್ಕಾರದ್ದೇ ತಪ್ಪೆಂದಿತು. ಮೇಲಿನದು ಆ ತೀರ್ಪನ್ನು ತಿರುಗಿಸಿತು. 1953ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೂವರ ವಿರುದ್ಧ ನಾಲ್ವರ ಬಹುಮತದಿಂದ, ಗೊಬ್ಬರವನ್ನು ಹೇಗೆ ತಯಾರಿಸಿ ಹೇಗೆ ಕಳುಹಿಸಬೇಕೆಂಬುದು ಸರ್ಕಾರದ ವಿವೇಚನೆಗೆ ಸೇರಿದ ವಿಷಯವಾದ್ದರಿಂದ ಸರ್ಕಾರವನ್ನು ಹೊಣೆ ಮಾಡಲಾಗದೆಂದು ತೀರ್ಮಾನಿಸಿತು. ಸರಕನ್ನು ತಯಾರಿಸಿದವನು ಸರ್ಕಾರವೇ ಆದರೂ, ಮುಂದಿನವರಿಗೆ ಅಪಾಯವನ್ನು ತಿಳಿಸಬೇಕಾದ ಕರ್ತವ್ಯದಿಂದ ತಪ್ಪಿಸಿಕೊಳ್ಳಲಾಗದೆಂಬುದು ಉಳಿದ ಮೂವರ ಅಭಿಪ್ರಾಯದ ತಾತ್ಪರ್ಯ. ಭಿನ್ನಾಭಿಪ್ರಾಯ ಬರೆದ ನ್ಯಾಯಾಧೀಶನ ಹೆಸರಿನಲ್ಲಿ ಹುಟ್ಟಿದ ಹಡಗು, ಅದೇ ನ್ಯಾಯಾಲಯದಲ್ಲಿ ಮತ್ತೊಂದು ಭಿನ್ನಾಭಿಪ್ರಾಯಕ್ಕೆ ಕಾರಣವಾಗಿ ಕೊನೆಗಂಡಿತು. ನ್ಯಾಯಾಲಯ ಕೊಡದ ಪರಿಹಾರವನ್ನು 1955ರಲ್ಲಿ ಶಾಸನಸಭೆಯೇ ವಿಶೇಷ ಕಾಯಿದೆಯ ಮೂಲಕ ಕೊಡಲು ಒಪ್ಪಿತು. ಹಂಚಿದ್ದು ಸುಮಾರು ಒಂದು ಕೋಟಿ ಎಪ್ಪತ್ತು ಲಕ್ಷ ಡಾಲರು.

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆಯನ್ನು ನಾವು ಮನುಷ್ಯರ ವಿಷಯದಲ್ಲಿ ಹೇಳುತ್ತೇವೆ. ಮನುಷ್ಯರ ವಿಷಯದಲ್ಲಿ ಅದು ಎಷ್ಟು ನಿಜವೋ ಹೇಳಲಾರೆವು. ವಸ್ತುಗಳ ವಿಷಯದಲ್ಲಂತೂ ಅಕ್ಷರಶಃ ನಿಜ. ಹಡಗಿನ ಮೇಲಿನ ಹೆಸರನ್ನು ಅಳಿಸಬಹುದು, ಧ್ವಜವನ್ನು ಬದಲಾಯಿಸಬಹುದು, ಸಿಡಿಮದ್ದಿನ ಸಾಮಗ್ರಿಗೆ ಗೊಬ್ಬರವೆಂದು ಚೀಟಿ ಅಂಟಿಸಬಹುದು. ಇವೆಲ್ಲ ಕಾಗದದ ಮೇಲಿನ ವ್ಯವಹಾರ. ವಸ್ತುವಿಗೆ ಓದು ಬಾರದು. ಆದುದರಿಂದ ಒಂದು ವಸ್ತುವನ್ನು ಮತ್ತೊಬ್ಬರ ಕೈಗೆ ಕೊಡುವಾಗ ಅದರ ಗುಣದೋಷಗಳ ತಿಳಿವಳಿಕೆಯನ್ನೂ ಕೂಡಿಸಿ ಕೊಟ್ಟರೆ ಮಾತ್ರ ಕೊಟ್ಟಂತಾಗುವುದು. ಅದಿಲ್ಲದೆ ಕೊಟ್ಟದ್ದು ದಾನವಲ್ಲ, ವ್ಯಾಪಾರವೂ ಅಲ್ಲ. ಹೊರೆಯನ್ನು ಇನ್ನೊಬ್ಬರ ಹೆಗಲಿಗೆ ಜಾರಿಸಿದಂತೆ.

ಇದು ಹಳೆಯ ಕಾಲದ ಮಾತೆಂದು ಯಾರೂ ಸಮಾಧಾನಪಡುವಂತಿಲ್ಲ. 2013ರಲ್ಲಿ ‘ರೋಸಸ್’ ಎಂಬ ಹಡಗು ಲೆಬನಾನಿನ ಬೈರೂತ್ ರೇವಿಗೆ ತಂದ 2,750 ಟನ್ನು ಅಮೋನಿಯಂ ನೈಟ್ರೇಟನ್ನು ಅಲ್ಲಿಯ ಉಗ್ರಾಣದಲ್ಲಿ ವರ್ಷಗಟ್ಟಲೆ ಇಟ್ಟರು; 2020ರ ಆಗಸ್ಟ್ 4ರಂದು ಅದು ಸಿಡಿದು ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಭಾರತದಲ್ಲಿ ಈ ಲವಣದ ತಯಾರಿಕೆ, ಸಾಗಣೆ, ದಾಸ್ತಾನುಗಳಿಗೆ 2012ರಲ್ಲಿ ಪ್ರತ್ಯೇಕ ನಿಯಮಗಳಾದವು. ನಿಯಮಗಳಿರುವುದು ಒಳ್ಳೆಯದೇ. ಆದರೆ ಚೀಲ ಹೊರುವವನಿಗೂ, ಉಗ್ರಾಣದ ಬೀಗ ಹಾಕುವವನಿಗೂ, ಬೆಂಕಿ ಕಂಡು ಓಡಿಬರುವವನಿಗೂ ಆ ನಿಯಮದ ಅರ್ಥ ತಿಳಿದಿರಬೇಕು. ಟೆಕ್ಸಾಸ್ ಸಿಟಿಯ ಸ್ಮಾರಕವನದಲ್ಲಿ ಗ್ರಾಂಡ್‌ಕ್ಯಾಂಪಿನ ಲಂಗರನ್ನು ಇಂದಿಗೂ ಇಟ್ಟಿದ್ದಾರೆ. ಹಡಗನ್ನು ಹಿಡಿದು ನಿಲ್ಲಿಸುವುದು ಲಂಗರಿನ ಧರ್ಮ. ಆ ಲಂಗರಿನ ಮುಂದೆ ನಿಲ್ಲುವವರು ತಮ್ಮ ಕೈಯಿಂದ ಮುಂದಿನ ಕೈಗೆ ದಾಟುತ್ತಿರುವುದು ಏನೆಂದು ಒಂದು ಕ್ಷಣ ನಿಂತು ಯೋಚಿಸಿದರೆ, ಅದು ಈಗಲೂ ತನ್ನ ಧರ್ಮವನ್ನು ನಡೆಸಿದಂತೆಯೇ ಸರಿ.